ಹತ್ತನೆಯ ನಿಲುಗಡೆ

ಜೂನ್ 16, ಸೋಮವಾರ

ಕೊಯಮತ್ತೂರಿನ ಗಾಂಧಿಪುರಂ ಸಿಗ್ನಲ್‌ನಲ್ಲಿ ಇಂದು ಬೆಳಗ್ಗೆ 8.52ಕ್ಕೆ ನಮ್ಮ ಕಾರಿನ ಎಂಜಿನ್ ನಿಂತಿತು. ಹಸಿರು ದೀಪ ಬಂದರೂ ಹೊರಡಲಿಲ್ಲ. ಈ ಸುದ್ದಿಯನ್ನು ಮನೆಗೆ ಮುಟ್ಟಿಸಿದವರು ಶಣ್ಮುಗಂ, ನನ್ನ ಗಂಡ ನಾಗರಾಜರ ವಕೀಲಿ ಕಚೇರಿಯ ಗುಮಾಸ್ತರು. ಅವರು ನನ್ನ ಹಿಂದೆಯೇ ಬೈಕಿನಲ್ಲಿದ್ದರಂತೆ. ಸಹಾಯಕ್ಕೆ ಬರಲಿಲ್ಲ, ಫೋನ್ ಮಾಡಿದರು.

ಕಾರು ಬಂದು ಏಳು ವಾರ. ಓಡಿರುವುದು 1,912 ಕಿಲೋಮೀಟರ್. ಇದರಲ್ಲಿ ಒಂದು ಸೌಕರ್ಯವಿದೆ. ಸಿಗ್ನಲ್‌ನಲ್ಲಿ ಗೇರ್ ತೆಗೆದು ಕ್ಲಚ್ ಬಿಟ್ಟರೆ, ಪೆಟ್ರೋಲ್ ಉಳಿಯಲಿ ಎಂದು ಎಂಜಿನ್ ತಾನೇ ನಿಲ್ಲುತ್ತದೆ. ಕ್ಲಚ್ ತುಳಿದರೆ ತಾನೇ ಹೊರಡುತ್ತದೆ. ಮೊದಲ ಅರ್ಧ ಚೆನ್ನಾಗಿಯೇ ನಡೆಯುತ್ತಿದೆ. ಎರಡನೆಯ ಅರ್ಧ ಇಂದು ನಡೆಯಲಿಲ್ಲ. ಕೀಲಿ ತಿರುಗಿಸಿ ಮೊದಲಿನಿಂದ ಶುರು ಮಾಡಬೇಕಾಯಿತು. ಹಿಂದೆ ಎರಡು ಟೌನ್ ಬಸ್ಸುಗಳು ಕೂಗುತ್ತಿರುವಾಗ ಕೀಲಿ ಯಾವ ಕಡೆ ಇದೆ ಎಂಬುದು ತಕ್ಷಣ ಹೊಳೆಯುವುದಿಲ್ಲ.

ಸಂಜೆ ನಾಗರಾಜ ವಿಚಾರಣೆ ನಡೆಸಿದರು. ಅವರಿಗೆ ಕಾರು ಓಡಿಸಲು ಬಾರದು. ಇಪ್ಪತ್ತೆರಡು ವರ್ಷದಿಂದ ಸ್ಕೂಟರ್.

"ವಂಡಿ ಏಳು ವಾರದ್ದು. ನಿನ್ನ ಲೈಸೆನ್ಸು ಎಂಟು ತಿಂಗಳದ್ದು, ಅದೂ ಮೂರನೇ ಸಲಕ್ಕೆ ಬಂದಿದ್ದು. ಯಾವುದರ ಮೇಲೆ ಸಂಶಯ ಬರ್ಬೇಕು, ನೀನೇ ಹೇಳು ಶುಭಾ."

ಕುರಿಚಿಯ ಪಂಪ್ ಕಾರ್ಖಾನೆಯಲ್ಲಿ ಪರೀಕ್ಷಾ ವಿಭಾಗ ನೋಡಿಕೊಳ್ಳುವವಳು ನಾನು. ಅಂಕಿ ಅಂಶ ಇಲ್ಲದೆ ಬಾಯಿ ಬಿಡುವ ಅಭ್ಯಾಸವಿಲ್ಲ.

ಇಲ್ಲಿ ಬರೆಯಬಹುದು. ಈ ಪುಸ್ತಕವನ್ನು ಊಟದ ಮೇಜಿನ ಮೇಲೆ ತೆರೆದಿಟ್ಟು ಹೋದರೂ ಭಯವಿಲ್ಲ. ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಬರುವುದು ನನಗೊಬ್ಬಳಿಗೇ. ತಾಳವಾಡಿಯಲ್ಲಿ ಅಪ್ಪನದು ಪೇಪರ್ ಏಜೆನ್ಸಿ. ಚಾಮರಾಜನಗರದ ಬಸ್ಸಿನಲ್ಲಿ ಬಂದ ಕಟ್ಟು ಬಿಚ್ಚುತ್ತಲೇ ಅಕ್ಷರ ಕಲಿತವಳು ನಾನು.

ಜೂನ್ 18, ಬುಧವಾರ

ಕಾರಿನಲ್ಲಿ ಯಾವ ದೋಷವೂ ಇಲ್ಲ. ಹೀಗೆಂದು ತಿಳಿಸಿದವರು ಸರ್ವಿಸ್ ಸೆಂಟರಿನ ಸರವಣಕುಮಾರ್. ಮೂವತ್ತರ ಆಸುಪಾಸಿನ ಸಭ್ಯ ಮನುಷ್ಯ. ಬಾನೆಟ್ ಎತ್ತಿ, ಕಂಪ್ಯೂಟರ್ ಸಿಕ್ಕಿಸಿ ಮುಕ್ಕಾಲು ಗಂಟೆ ನೋಡಿದರು. ಆಮೇಲೆ, "ಕಂಪ್ಲೇಂಟೇ ಇಲ್ಲೀಂಗ ಮೇಡಂ" ಎಂದರು.

ನಿನ್ನೆ ಉಕ್ಕಡದಲ್ಲೂ ನಿಂತಿತು, ಮೇಲ್ಸೇತುವೆ ಏರುವಾಗ ಎಳೆತವೂ ಕಡಿಮೆ ಎಂದೆ. ಎಳೆತ ಇನ್ನೂ ಸಾವಿರ ಕಿಲೋಮೀಟರ್ ಕಳೆದರೆ ಸರಿಹೋಗುತ್ತದಂತೆ. ನಿಂತ ಎಂಜಿನ್ ತಾನಾಗಿ ಹೊರಡದಿರಲು ಮಾತ್ರ ಮೂರೇ ಕಾರಣ: ಓಡಿಸುವವರು ಸೀಟ್ ಬೆಲ್ಟ್ ಬಿಚ್ಚಿರಬೇಕು, ಬಾಗಿಲು ತೆಗೆದಿರಬೇಕು, ಇಲ್ಲವೇ ಬಾನೆಟ್ ತೆರೆದಿರಬೇಕು. ಇದು ಸುರಕ್ಷತೆಗಾಗಿ ಕಾರೇ ಮಾಡುವ ಕೆಲಸ, ದೋಷವಲ್ಲ. ಮೂರರಲ್ಲಿ ಒಂದನ್ನೂ ನಾನು ಮಾಡಿಲ್ಲ ಎಂದೆ. ಅವರು ಮರ್ಯಾದೆಯಿಂದ ನನ್ನ ಪಾದದ ಕಡೆ ನೋಡಿದರು.

ಕೊನೆಗೆ ಒಂದು ಫಾರಂ ಕೊಟ್ಟರು. ಹತ್ತು ನಿಲುಗಡೆಗಳನ್ನು ಸಮಯ, ಸ್ಥಳ, ಓಡಿದ ಕಿಲೋಮೀಟರ್ ಸಮೇತ ಬರೆದು ತಂದರೆ ಮೇಲಿನ ಕಚೇರಿಯವರು ಕಾರನ್ನು ಬಿಚ್ಚಿ ನೋಡುತ್ತಾರೆ. ಓಡಿಸುವವರು ಬರೆಯುವಂತಿಲ್ಲ, ಪಕ್ಕದ ಸೀಟಿನವರು ಬರೆಯಬೇಕು. ಈವರೆಗಿನ ಎರಡು ಲೆಕ್ಕಕ್ಕಿಲ್ಲ.

ಫಾರಂ ನೋಡಿದ ನಾಗರಾಜ ತಮ್ಮ ತೀರ್ಮಾನವನ್ನೂ ಹೇಳಿಬಿಟ್ಟರು. ಮುಂದಿನ ತಿಂಗಳು 17ಕ್ಕೆ ತಮಿಳರ ಆಷಾಢ, ಆಡಿ ಮಾಸ ಹುಟ್ಟುತ್ತದೆ. ಆಡಿಯಲ್ಲಿ ಹೊಸಬರನ್ನು ಕೆಲಸಕ್ಕೆ ಸೇರಿಸುವುದಿಲ್ಲ. ಆದ್ದರಿಂದ ಸರ್ಕಾರಿ ಬಸ್ಸಿನಿಂದ ನಿವೃತ್ತರಾದ ವೇಲುಸಾಮಿ ಎಂಬವರಿಗೆ ಹೇಳಿದ್ದಾರೆ. 16ರೊಳಗೆ ತಪ್ಪು ಕಾರಿನದು ಎಂದು ಸಾಬೀತಾಗದಿದ್ದರೆ ಸ್ಟಿಯರಿಂಗ್ ಅವರದ್ದು. ನಾನು ಹಿಂದಿನ ಸೀಟಿನಲ್ಲಿ ಕೂತು ಕುರಿಚಿಗೆ ಹೋಗಬೇಕು.

"ಇದು ಶಿಕ್ಷೆ ಅಲ್ಲ. ಸೌಕರ್ಯ," ಎಂದರು.

ಎರಡು ಸಲ ಫೇಲಾಗಿ ಪಡೆದ ಲೈಸೆನ್ಸು ಪರ್ಸಿನಲ್ಲಿದೆ. ಇಪ್ಪತ್ತೆಂಟು ದಿನಗಳಿವೆ.

ಜೂನ್ 19, ಗುರುವಾರ

ಮೊದಲ ನಿಲುಗಡೆ ದಾಖಲಾಗಿದೆ. ದಾಖಲಿಸಿದವರು ಅತ್ತೆ. ಬೇರೆ ಯಾರೂ ಸಿಗಲಿಲ್ಲ.

ಅಂಬುಜಮ್ಮ, ಅರವತ್ತೆಂಟು ವರ್ಷ. ಕರುಮತ್ತಂಪಟ್ಟಿಯಲ್ಲಿ ಮೂವತ್ತು ವರ್ಷ ವಿದ್ಯುತ್ ಮಗ್ಗ ನಡೆಸಿದವರು. ಮಾವ ತೀರಿಕೊಂಡ ಮೇಲೆ, ಎರಡು ವರ್ಷದಿಂದ ನಮ್ಮ ಜೊತೆ ಇದ್ದಾರೆ. ನಮ್ಮಿಬ್ಬರ ನಡುವೆ ಈ ಎರಡು ವರ್ಷದಲ್ಲಿ ನಡೆದ ಮಾತು ಕಾಫಿ, ಮಾತ್ರೆ, ಗ್ಯಾಸ್ ಸಿಲಿಂಡರ್ ಎಂಬ ಮೂರು ಶೀರ್ಷಿಕೆಗಳಲ್ಲಿ ಮುಗಿಯುತ್ತದೆ. ನನ್ನನ್ನು ಅವರು ಹೆಸರು ಹಿಡಿದು ಕರೆಯುವುದಿಲ್ಲ.

"ಏ ಇವಳೇ, ನಾನು ತಮಿಳಲ್ಲಿ ಬರೆದ್ರೆ ಆಗುತ್ತಾ?" ಎಂದು ಕೇಳಿದರು. ಆಗುತ್ತದೆ ಎಂದೆ.

ಕಾರ್ಖಾನೆಯವರೆಗೆ ನನ್ನ ಜೊತೆ ಬಂದು, ಅವರು ಅಲ್ಲಿಂದ ಬಸ್ಸಿನಲ್ಲಿ ಮನೆಗೆ ಮರಳುವುದು. ಸಂಜೆ ಮತ್ತೆ ಬಂದು ಜೊತೆಗೂಡುವುದು. ಹಿರಿಯರಿಗೆ ಇದು ಕಷ್ಟ ಎಂದು ನಾಗರಾಜ ಹೇಳಿದರು. ಅಷ್ಟರಲ್ಲಿ ಹಿರಿಯರು ಚಪ್ಪಲಿ ಹಾಕಿಕೊಂಡಿದ್ದರು.

ಅವರ ದಾಖಲೆಯ ಕನ್ನಡ ರೂಪ: "9.04. ಉಕ್ಕಡ. ನಿಂತಿತು. ಹೊರಡಲಿಲ್ಲ. ಹಿಂದೆ 1ಸಿ ಬಸ್ಸು. ಅದರ ಡ್ರೈವರ್ ಒಳ್ಳೆ ಮನೆಯವನಲ್ಲ." ಕೊನೆಯ ವಾಕ್ಯಕ್ಕೆ ಫಾರಂನಲ್ಲಿ ಜಾಗವಿಲ್ಲ ಎಂದೆ. ಅಂಚಿನಲ್ಲಿ ಜಾಗವಿದೆ ಎಂದರು.

ಜೂನ್ 22, ಭಾನುವಾರ

ಕರುಮತ್ತಂಪಟ್ಟಿಗೆ ಹೋಗಿ ಬಂದೆವು. ಅಲ್ಲಿ ಅತ್ತೆಯ ತಮ್ಮ ರಾಮಸಾಮಿ ಮಾಮನ ಮಗ್ಗದ ಶೆಡ್ ಇದೆ, ಇಪ್ಪತ್ತನಾಲ್ಕು ಮಗ್ಗ. ಈ ತಿಂಗಳ ಶುರುವಿನಿಂದ ಪ್ರತಿ ಭಾನುವಾರ ಹೋಗುತ್ತಿದ್ದೇವೆ. ಅಂದು ಮಗ್ಗ ನಿಲ್ಲಿಸಿ, ಕಂಪ್ರೆಸರ್ ಪೈಪಿನಿಂದ ಗಾಳಿ ಊದಿ ಹತ್ತಿಯ ಧೂಳು ಹಾರಿಸುತ್ತಾರೆ. ಆಮೇಲೆ ಕೆಲಸದವರು ತಮ್ಮ ತಲೆ, ಬಟ್ಟೆ ಊದಿಕೊಳ್ಳುತ್ತಾರೆ. ಆಮೇಲೆ ಕಾರಿನ ಸರದಿ. ಬಾನೆಟ್ ಎತ್ತಿ ಒಳಗೂ ಊದಬೇಕು ಎಂಬುದು ಅತ್ತೆಯ ಆಗ್ರಹ. ಮಗ್ಗವಾದರೇನು, ಕಾರಾದರೇನು, ಗಾಳಿ ಹಾಕದ ಮಿಷನ್ ಮೂರು ವರ್ಷವೂ ಬಾಳುವುದಿಲ್ಲ ಎಂದು ಅವರ ಅಭಿಪ್ರಾಯ. ಕಾರು ಪಳಪಳ ಹೊಳೆಯಿತು.

ಜೂನ್ 23, ಸೋಮವಾರ

ಒಂದೇ ದಿನ ಎರಡು ನಿಲುಗಡೆ. ಒಟ್ಟು ಮೂರು.

ನಾಗರಾಜರ ವಾದಕ್ಕೆ ಉತ್ತರ ಸಿದ್ಧಪಡಿಸುವ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡಿದ್ದಾರೆ. ನಾನು ಬೆಲ್ಟ್ ಬಿಚ್ಚುತ್ತಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ, ನಮ್ಮ ಮನೆಯಿರುವ ಗಣಪತಿ ಬಡಾವಣೆಯಿಂದ ಕುರಿಚಿಯವರೆಗೆ ನನ್ನ ಬೆಲ್ಟಿನ ಕೊಂಡಿಯನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಎರಡನೆಯ ನಿಲುಗಡೆಯಲ್ಲಿ ಬಗ್ಗಿ ನನ್ನ ಪಾದವನ್ನೂ ಪರಿಶೀಲಿಸಿದರು. ಪಕ್ಕದ ಆಟೋದವರಿಗೆ ನಾವಿಬ್ಬರೂ ಏನೋ ಕಳೆದುಕೊಂಡು ಹುಡುಕುತ್ತಿರುವಂತೆ ಕಂಡಿತು. ಏನು ಬಿದ್ದಿತು ಎಂದು ಕೇಳಿದರು. ಅತ್ತೆ ತಲೆ ಎತ್ತದೆ "ಮರ್ಯಾದೆ" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಕೀಲಿ ತಿರುಗಿಸುವುದು ಇನ್ನಷ್ಟು ತಡವಾಯಿತು. ಇದು ದಾಖಲೆಯಲ್ಲಿ ಇಲ್ಲ.

ಜೂನ್ 24, ಮಂಗಳವಾರ

ನಾಲ್ಕು. ಆತ್ತುಪಾಲಂ, ಬೆಳಗ್ಗೆ 9.11.

ಅತ್ತೆ ಹೊಸ ಅಂಶವೊಂದನ್ನು ವರದಿ ಮಾಡಿದ್ದಾರೆ. ಎಂಜಿನ್ ನಿಲ್ಲುವಾಗ ಕಾರು ಒಮ್ಮೆ ಅದುರುತ್ತದಲ್ಲ, ಆಗ ಮೂತಿಯ ಕಡೆಯಿಂದ "ಟಕ್" ಎಂದು ಸಣ್ಣ ಶಬ್ದ. ಟಕ್ ಅಂದರೆ ಹೊರಡುವುದಿಲ್ಲ, ಟಕ್ ಅನ್ನದಿದ್ದರೆ ಹೊರಡುತ್ತದೆ. ನನಗೆ ಏನೂ ಕೇಳಿಸಲಿಲ್ಲ. ಸುತ್ತ ಹಾರ್ನ್, ಬಸ್ಸು, ಲೌಡ್‌ಸ್ಪೀಕರ್.

"ಇಪ್ಪತ್ನಾಲ್ಕು ಮಗ್ಗ ಓಡ್ತಿರೋವಾಗ ಯಾವ ಮಗ್ಗದಲ್ಲಿ ಒಂದು ಎಳೆ ಹೋಯ್ತು ಅಂತ ಬೆನ್ನು ತಿರುಗಿಸ್ಕೊಂಡೇ ಹೇಳ್ತಿದ್ದೆ. ಈ ಟಕ್ ಶತ್ತ ಕೇಳ್ಸಲ್ವಾ ನನಗೆ?"

ಮಗ್ಗದ ಶೆಡ್‌ನಲ್ಲಿ ಮಾತು ಕೇಳಿಸದ ಕಾರಣ ಅವರೆಲ್ಲ ಕೈ ಸನ್ನೆಯಲ್ಲಿ ಮಾತಾಡುತ್ತಾರೆ. ಅಂಗೈ ಅಡ್ಡ ಬೀಸಿದರೆ ಎಳೆ ತುಂಡಾಗಿದೆ. ಎರಡು ಬೆರಳು ತಿರುವಿದರೆ ನೂಲಿನ ಕಂಡಿಕೆ ಬದಲಿಸು. ಮೂಗು ಮುಟ್ಟಿದರೆ ಮಾಲೀಕ ಬರುತ್ತಿದ್ದಾನೆ. ಸಂಜೆ ದಾರಿಯಲ್ಲಿ ಹೇಳಿಕೊಟ್ಟರು. ಮನೆಗೆ ಬಂದಾಗ ನಾಗರಾಜ ಬಾಗಿಲಲ್ಲಿ ನಿಂತಿದ್ದರು. ಅತ್ತೆ ಮೂಗು ಮುಟ್ಟಿದರು.

ಜೂನ್ 28, ಶನಿವಾರ

ಬುಧವಾರದಿಂದ ಇಂದಿನವರೆಗೆ ಒಂದೂ ಇಲ್ಲ. ಹೆಚ್ಚು ಸಿಗ್ನಲ್ ಸಿಗಲೆಂದು ಇಂದು ಅವಿನಾಶಿ ರಸ್ತೆಯಲ್ಲಿ ವಿಮಾನ ನಿಲ್ದಾಣದವರೆಗೆ ಹೋಗಿ ಬಂದೆವು. ಕಾರು ಪ್ರತಿ ಸಿಗ್ನಲ್‌ನಲ್ಲೂ ಶಾಲೆಯ ಮೊದಲ ಬೆಂಚಿನ ಮಗುವಿನಂತೆ ನಡೆದುಕೊಂಡಿತು. ಬರುವಾಗ ಬೋಂಡಾ ತಿಂದೆವು. ಬ್ಯಾಟರಿ ತಣಿಯಲು ಇಪ್ಪತ್ತು ನಿಮಿಷ ಬೇಕಿತ್ತು.

ಜುಲೈ 2, ಬುಧವಾರ

ಒಂಬತ್ತು.

ಸೋಮವಾರ ಎರಡು, ನಿನ್ನೆ ಎರಡು, ಇಂದು ಒಂದು. ಇಂದಿನದು ಟೌನ್‌ಹಾಲ್ ಬಳಿ. ಹಿಂದಿನ ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, ಮನೆಯಲ್ಲಿ ಅಡುಗೆ ಇಲ್ಲವೇ ಎಂದು ಕೇಳಿದ. ಅತ್ತೆ ಗಾಜು ಇಳಿಸಿ, ಅಡುಗೆ ಆಗಿದೆ, ಬಂದರೆ ಬಡಿಸುತ್ತೇವೆ, ಮೊದಲು ಹಾರ್ನಿನಿಂದ ಕೈ ತೆಗೆಯಲು ಅಮ್ಮನನ್ನು ಕೇಳಿ ಬಾ ಎಂದು ಶುದ್ಧ ತಮಿಳಿನಲ್ಲಿ ತಿಳಿಸಿದರು. ಬಸ್ಸಿನೊಳಗಿನ ಜನ ನಕ್ಕರು. ಡ್ರೈವರೂ ನಕ್ಕ. ಸಿಗ್ನಲ್ ಎರಡು ಸಲ ಹಸಿರಾಗಿ ಕೆಂಪಾಯಿತು.

"ಇನ್ನೊಂದೇ ಒಂದು ಶುಭಾ," ಎಂದರು ಕುರಿಚಿ ಬಂದಾಗ.

ಹದಿನಾಲ್ಕು ದಿನ ಬಾಕಿ ಇದೆ. ಒಂದು ವಾರ ಮೊದಲೇ ಮುಗಿಯಬಹುದು.

ಜುಲೈ 5, ಶನಿವಾರ

ನಿಲುಗಡೆ ಇಲ್ಲ. ಮೂರು ದಿನದಿಂದ ಇಲ್ಲ.

ಕೊಯಮತ್ತೂರಿನ ಸಿಗ್ನಲ್‌ಗಳಿಗೆ ಕಾರು ಒಗ್ಗಿಹೋಗಿರಬಹುದು ಎಂದು ಅತ್ತೆ ಅಭಿಪ್ರಾಯಪಟ್ಟರು. ತಾಂತ್ರಿಕವಾಗಿ ಇದು ಸರಿಯಲ್ಲ. ಆದರೂ ತಿರುಪ್ಪೂರಿಗೆ ಹೋದೆವು. ಅಲ್ಲಿ ಬನಿಯನ್ ಲೋಡಿನ ವ್ಯಾನುಗಳ ಮಧ್ಯೆ ಐವತ್ತು ಮೀಟರಿಗೊಮ್ಮೆ ನಿಲ್ಲಬೇಕು. ಎಂಜಿನ್ ಮೂವತ್ತೊಂದು ಸಲ ನಿಂತಿತು, ಮೂವತ್ತೊಂದು ಸಲವೂ ಹೊರಟಿತು. ಅತ್ತೆ ಪ್ರತಿ ಸಲ "ಊಹೂಂ" ಎನ್ನುತ್ತಿದ್ದರು. ಕೊನೆಯ ಹತ್ತು ಸಲ ಇಬ್ಬರೂ ಒಟ್ಟಿಗೆ ಎಂದೆವು.

ಬರುವಾಗ ಪಲ್ಲಡಂ ರಸ್ತೆಯಲ್ಲಿ ಗಾಜು ಪೂರ್ತಿ ಇಳಿಸಿದೆವು. ಗಾಳಿಯಂತ್ರಗಳು ತಿರುಗುತ್ತಿದ್ದವು, ಆಡಿಗೆ ಮುಂಚಿನ ಆನಿ ತಿಂಗಳ ಗಾಳಿ. ಅತ್ತೆಯ ಸೆರಗು ಹಾರಿ ನನ್ನ ಮುಖಕ್ಕೆ ಬಂತು. ಎಂಬತ್ತರಲ್ಲಿ ಹೋಗುತ್ತಿದ್ದೆ; ಕಾನೂನಿನ ಮಿತಿಯೊಳಗೇ. ಅವರು ಮುಂದಿನ ಲಾರಿಯನ್ನು ತೋರಿಸಿ ಎರಡು ಬೆರಳು ತಿರುವಿದರು. ಕಂಡಿಕೆ ಬದಲಿಸು. ಹಿಂದಿಕ್ಕಿದೆ. ಇನ್ನೊಂದು ಲಾರಿ ತೋರಿಸಿದರು. ಅದನ್ನೂ. ಸೂಲೂರು ದಾಟುವವರೆಗೆ ಐದು.

ಎಳೆತ ಕಡಿಮೆ ಇರುವುದನ್ನು ಪರೀಕ್ಷಿಸಲು ಇದು ಅಗತ್ಯವಿತ್ತು.

ಜುಲೈ 7, ಸೋಮವಾರ

ಇಲ್ಲ.

ಜುಲೈ 8, ಮಂಗಳವಾರ

ಇಲ್ಲ. ವೇಲುಸಾಮಿ ಮನೆಗೆ ಬಂದು ಕಾರು ನೋಡಿಕೊಂಡು ಹೋದರು ಎಂದು ನಾಗರಾಜ ಹೇಳಿದರು. ಸಂಭಾವಿತರು, ಮಾತು ಕಡಿಮೆ. ಸೀಟನ್ನು ಹಿಂದಕ್ಕೆ ಸರಿಸಿ ಹೋಗಿದ್ದರು. ನಾನು ಮತ್ತೆ ಮುಂದಕ್ಕೆ ಎಳೆದುಕೊಂಡೆ.

ಒಂಬತ್ತು ಸಾಲದೇ ಎಂದು ಸರವಣಕುಮಾರ್‌ಗೆ ಫೋನಿನಲ್ಲಿ ಕೇಳಿದೆ. ಹತ್ತು ಇಲ್ಲದಿದ್ದರೆ ಮೇಲಿನ ಕಚೇರಿಯವರು ಫೈಲನ್ನೇ ತೆರೆಯುವುದಿಲ್ಲ ಎಂದು ಬೇಸರದಿಂದಲೇ ಹೇಳಿದರು. ನಾಗರಾಜರನ್ನೂ ಕೇಳಿದೆ. "ನಿನ್ನ ಕೈ ಪಳಗಿತು, ನಿಲ್ಲೋದು ನಿಂತೋಯ್ತು. ಅಂದ್ರೆ ತಪ್ಪು ಯಾರದ್ದು ಅಂತ ಆಯ್ತು?" ಎಂದರು.

ಕೋರ್ಟಿನಲ್ಲಿ ಅವರು ಗೆಲ್ಲುವುದು ಹೇಗೆ ಎಂದು ಈಗ ಗೊತ್ತಾಯಿತು.

ಜುಲೈ 10, ಗುರುವಾರ

ಊಟದ ವಿರಾಮದಲ್ಲಿ ಒಂಬತ್ತೂ ನಿಲುಗಡೆಗಳನ್ನು ವಾರದ ಪ್ರಕಾರ ಪಟ್ಟಿ ಮಾಡಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಪಂಪ್ ಆಗಿದ್ದರೆ ಎರಡನೆಯ ದಿನವೇ ಮಾಡುತ್ತಿದ್ದೆ.

ಸೋಮವಾರ ನಾಲ್ಕು. ಮಂಗಳವಾರ ಮೂರು. ಬುಧವಾರ ಒಂದು, ಗುರುವಾರ ಒಂದು. ಶುಕ್ರ, ಶನಿ ಸೊನ್ನೆ. ದೋಷ ವಾರದ ಆರಂಭದಲ್ಲಿ ಹುಟ್ಟಿ ಕೊನೆಗೆ ಸಾಯುತ್ತದೆ. ಹಾಗಾದರೆ ಅದು ಭಾನುವಾರದ ಮಗು. ಆದರೆ ಈ ಸೋಮವಾರ ಬರಲಿಲ್ಲ. ಭಾನುವಾರ 6ರಂದು ಏನು ಬದಲಾಗಿತ್ತು?

ಕರುಮತ್ತಂಪಟ್ಟಿಗೆ ಹೋಗಿದ್ದೆವು. ಊಟ ಮಾಡಿದೆವು. ರಾಮಸಾಮಿ ಮಾಮ ಗಾಳಿ ಪೈಪ್ ಹಿಡಿದು ಕಾರಿನ ಬಳಿ ಬಂದರು. ಅತ್ತೆ, ಇವತ್ತು ಬೇಡ, ಬಿಡು ಎಂದರು.

ಜುಲೈ 11, ಶುಕ್ರವಾರ

ಅರ್ಧ ದಿನ ರಜೆ ಹಾಕಿದೆ. ಹದಿಮೂರು ವರ್ಷದಲ್ಲಿ ಮೊದಲ ಸಲ, ಕಾರಣದ ಜಾಗದಲ್ಲಿ "ವಾಹನ ಪರೀಕ್ಷೆ" ಎಂದು ಬರೆದೆ. ಪೊಳ್ಳಾಚಿ ರಸ್ತೆಯಲ್ಲಿ ಕಿಣತ್ತುಕಡವಿನ ಹತ್ತಿರ ಎಳನೀರಿನ ಅಂಗಡಿಯ ಮುಂದೆ ನಿಲ್ಲಿಸಿ ಅತ್ತೆಯನ್ನು ಕೇಳಿದೆ. ಹೋದ ಭಾನುವಾರ ಗಾಳಿ ಬೇಡ ಅಂದದ್ದು ಯಾಕೆ?

ಅತ್ತೆ ಎಳನೀರನ್ನು ಕೆಳಗಿಟ್ಟರು. ಆಮೇಲೆ ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ಬಿಚ್ಚಿದರು. ಒಳಗೆ ಬೂದು ಬಣ್ಣದ, ಎಣ್ಣೆ ಕುಡಿದ ಹತ್ತಿ ಉಂಡೆ, ಹೆಬ್ಬೆರಳಿನ ಉಗುರಿನಷ್ಟು.

ಮೂರನೇ ತಾರೀಕು ಬೆಳಗ್ಗೆ, ನಾನು ಸ್ನಾನಕ್ಕೆ ಹೋಗಿದ್ದಾಗ ಬಾನೆಟ್ ಎತ್ತಿದರಂತೆ. ಆ "ಟಕ್" ಎಲ್ಲಿಂದ ಬರುತ್ತದೆ ಎಂದು ಅವರಿಗೆ ಹಿಂದಿನ ವಾರವೇ ಗೊತ್ತಾಗಿತ್ತು. ಬಾನೆಟ್ ಕಚ್ಚಿಕೊಳ್ಳುವ ಕೊಂಡಿಯ ಪಕ್ಕ ಒಂದು ಪುಟ್ಟ ಗುಂಡಿ ಇದೆ. ಬಾನೆಟ್ ಮುಚ್ಚಿದರೆ ಅದು ಒತ್ತಿಕೊಳ್ಳಬೇಕು. ಅದರ ಸಂದಿಯಲ್ಲಿ ಇದು ಸೇರಿಕೊಂಡಿತ್ತು. ಎಂಜಿನ್ ಅದುರಿದಾಗ ಗುಂಡಿ ಜಾರುತ್ತದೆ, ಬಾನೆಟ್ ತೆರೆದಿದೆ ಎಂದು ಕಾರು ತಿಳಿಯುತ್ತದೆ. ಮಗ್ಗದಲ್ಲಿ ನೂಲು ಎಳೆಯುವ ಕೊಕ್ಕೆಯಿಂದ ಎಳೆದು ತೆಗೆದರು. ಕಂಡ ಕೂಡಲೇ ಇದು ಯಾವ ಶೆಡ್‌ನದು, ಯಾರು ಊದಿಸಿದ್ದು ಎಂದೂ ತಿಳಿಯಿತು.

ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ವಂಡಿ ಸರಿ ಆಯ್ತು ಅಂತ ಆಗುತ್ತೆ. ಸರಿ ಆದ್ಮೇಲೆ ಈ ಸೀಟು ನನಗೆ ಯಾರು ಕೊಡ್ತಾರೆ ಅಮ್ಮಿಣಿ?"

ಮನೆಮಗಳನ್ನು ಕರೆಯುವಂತೆ ಅಮ್ಮಿಣಿ ಎಂದರು. ಎಳನೀರು ಇನ್ನೆರಡು ಹೇಳಿದೆ.

ಕುಡಿದಾದ ಮೇಲೆ ಪರಿಸ್ಥಿತಿಯನ್ನು ವಿಶ್ಲೇಷಿಸಿದೆವು. ಕಾರು ಸರಿಯಾಗಿದೆ, ಆದರೆ ಸಾಬೀತಾಗಿಲ್ಲ. ಉಂಡೆಯನ್ನು ತೋರಿಸಿದರೆ, ಅದು ಎಂಜಿನ್ ನಿಲ್ಲಿಸಿತು ಎನ್ನಲು ಸಾಕ್ಷಿ ಏನು ಎಂದು ನಾಗರಾಜ ಕೇಳುತ್ತಾರೆ. ಪರೀಕ್ಷಾ ವಿಭಾಗದಲ್ಲಿ ಇಂಥದ್ದಕ್ಕೆ ಒಂದೇ ದಾರಿ. ದೋಷವನ್ನು ಮತ್ತೆ ಹುಟ್ಟಿಸಬೇಕು, ಎಲ್ಲರೂ ನೋಡುವಂತೆ.

ತಪ್ಪು ನಿಮ್ಮದು ಎಂದು ಅವರ ಮುಂದೆ ಆಗುತ್ತದೆ ಎಂದು ನೆನಪಿಸಿದೆ. ಆಗಲಿ ಎಂದರು.

ಬರುವಾಗ ಏಳು ಲಾರಿ.

ಜುಲೈ 13, ಭಾನುವಾರ

ಗಾಳಿ ಊದುವ ಕಾರ್ಯ ನಡೆಯಿತು. ಈವರೆಗಿನ ಐದು ಭಾನುವಾರ ಹೇಗೋ ಹಾಗೆಯೇ, ಅದೇ ಪೈಪ್, ಅದೇ ಜಾಗ, ಬಾನೆಟ್ ಎತ್ತಿ. ನಾನು ಗಡಿಯಾರ ಹಿಡಿದು ನಿಂತಿದ್ದೆ. ಹೋದ ವಾರ ಬೇಡ ಅಂದ್ರಿ, ಈ ವಾರ ಎ‌ರಡು ಕೈಯಲ್ಲಿ ಬೇಕು ಅಂತೀರಿ, ಏನಕ್ಕಾ ಇದು ಎಂದು ರಾಮಸಾಮಿ ಮಾಮ ಕೇಳಿದರು. ಅತ್ತೆ ಮೂಗು ಮುಟ್ಟಿದರು. ಅವರು ಗಾಬರಿಯಿಂದ ಹಿಂದೆ ತಿರುಗಿ ನೋಡಿದರು.

ನಾಳೆ ಬೆಳಗ್ಗೆ ಬರಲು ಸರವಣಕುಮಾರ್ ಒಪ್ಪಿದ್ದಾರೆ. ಕಂಪ್ಯೂಟರ್ ತರುತ್ತಾರೆ. ಕಾರಿನೊಳಗೇ, ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿ, ಓಡುತ್ತಿರುವಾಗಲೇ ನೋಡಬೇಕು ಎಂದು ಕೇಳಿಕೊಂಡಿದ್ದೇನೆ. ನಾಗರಾಜರಿಗೆ ಕೋರ್ಟು ಹನ್ನೊಂದಕ್ಕೆ. ಬರುತ್ತಾರೆ.

ಜುಲೈ 14, ಸೋಮವಾರ

ಹತ್ತನೆಯ ನಿಲುಗಡೆ ಬೆಳಗ್ಗೆ 8.47ಕ್ಕೆ ಗಾಂಧಿಪುರಂ ಸಿಗ್ನಲ್‌ನಲ್ಲಿ ದಾಖಲಾಯಿತು. ದಾಖಲಿಸಿದವರು ಅಂಬುಜಮ್ಮ. ಹಿಂದಿನ ಸೀಟಿನಲ್ಲಿ ನಾಗರಾಜ, ಅವರ ಪಕ್ಕ ಮಡಿಲಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಸರವಣಕುಮಾರ್.

ಮೊದಲ ಎರಡು ಸಿಗ್ನಲ್‌ನಲ್ಲಿ ಏನೂ ಆಗಲಿಲ್ಲ. ನಾಗರಾಜ ಗಡಿಯಾರ ನೋಡಿಕೊಂಡರು. ಗಾಂಧಿಪುರಂನಲ್ಲಿ ಎಂಜಿನ್ ನಿಂತಿತು, ಕಾರು ಅದುರಿತು, ಅತ್ತೆ ಅಂಗೈಯನ್ನು ಅಡ್ಡ ಬೀಸಿದರು. ಎಳೆ ತುಂಡಾಗಿದೆ. ನನಗೂ ಕೇಳಿಸಿತ್ತು. ಟಕ್.

ಹಸಿರು. ಕ್ಲಚ್ ತುಳಿದೆ. ಏನೂ ಇಲ್ಲ. ಹಿಂದೆ ಬಸ್ಸು ಶುರು ಮಾಡಿತು. ಕ್ಲಚ್ ಪೂರ್ತಿ ತುಳಿದಿಲ್ಲವೇನೋ ಎಂದು ನಾಗರಾಜ ಹೇಳುತ್ತಿದ್ದರು.

"ಕಾಲು ನೋಡು ಕಣ್ಣಾ," ಎಂದರು ಅತ್ತೆ ಮಗನಿಗೆ, ತಿರುಗದೆ. "ಕೂತಲ್ಲಿಂದ ಹೇಳ್ಬೇಡ. ಬಗ್ಗಿ ನೋಡು."

ಕರಿ ಕೋಟು ಹಾಕಿದ್ದ ವಕೀಲರು ಎರಡು ಸೀಟಿನ ಮಧ್ಯೆ ತಲೆ ತೂರಿಸಿ ಬಗ್ಗಿ ನೋಡಿದರು. ಕ್ಲಚ್ ನೆಲಕ್ಕೆ ಅಂಟಿತ್ತು. ಬೆಲ್ಟಿನ ಕೊಂಡಿ ಅತ್ತೆಯ ಕೈಯಲ್ಲಿತ್ತು.

ಆಗ ಸರವಣಕುಮಾರ್, ಬಾನೆಟ್ ತೆರೆದಿದೆ ಎಂದು ಕಂಪ್ಯೂಟರ್ ತೋರಿಸುತ್ತಿದೆ ಎಂದರು. ನಾಲ್ಕೂ ಜನ ಬಾನೆಟ್ ನೋಡಿದೆವು. ಮುಚ್ಚಿತ್ತು, ಹೊಳೆಯುತ್ತಿತ್ತು. ಅವರು ಹಣೆ ಚಚ್ಚಿಕೊಂಡರು. ಸರ್ವಿಸ್ ಸೆಂಟರಿನಲ್ಲಿ ಕಾರು ಬಂದಾಗಲೆಲ್ಲ ಬಾನೆಟ್ ಎತ್ತಿಯೇ ಪರೀಕ್ಷಿಸುತ್ತಾರೆ. "ತೆರೆದಿದೆ" ಎಂದು ಬಂದರೆ ಅದು ಸಹಜ ಎಂದುಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದರಂತೆ.

ಕೀಲಿ ತಿರುಗಿಸಿ, ಬಟ್ಟೆ ಅಂಗಡಿಯೊಂದರ ಮುಂದೆ ಕಾರನ್ನು ಬದಿಗೆ ಹಾಕಿದೆ. ಅತ್ತೆ ಇಳಿದು ಬಾನೆಟ್ ಎತ್ತಿಸಿ, ಸೊಂಟದಿಂದ ಕೊಕ್ಕೆ ತೆಗೆದು, ಎರಡು ಸಲ ತಿರುವಿ ಹತ್ತಿಯ ಎಳೆಯನ್ನು ಹೊರಗೆಳೆದರು. ಫಾರಂನ ಹತ್ತನೆಯ ಸಾಲಿನ ಮೇಲೆ ಇಟ್ಟರು.

"ಇದು ನಿನ್ ಮಾಮನ ಶೆಡ್ ನೂಲು. ಆರು ಭಾನುವಾರ ಗಾಳಿ ಊದ್ಸಿದ್ದು ನಾನು. ನಿನ್ ಹೆಂಡ್ತಿ ಕಾಲಲ್ಲಿ ತಪ್ಪಿಲ್ಲ, ನನ್ ಕೈಯಲ್ಲಿದೆ. ಬರ್ಕೋ."

ಗೊತ್ತಿದ್ದೂ ನಿನ್ನೆ ಮತ್ತೆ ಊದಿಸಿದ್ರಾ ಎಂದು ನಾಗರಾಜ ಕೇಳಿದರು.

"ಸಾಕ್ಷಿ ಬೇಕು ಅಂದೋನು ನೀನೇ ತಾನೇ?"

ನಾಗರಾಜ ನನ್ನನ್ನು ನೋಡಿದರು, ತಾಯಿಯನ್ನು ನೋಡಿದರು, ಫಾರಂ ಓದಿದರು. ಅಂಚಿನಲ್ಲಿದ್ದ ಬಸ್ ಡ್ರೈವರುಗಳ ಕುರಿತ ಟಿಪ್ಪಣಿಗಳನ್ನೂ ಓದಿದರು. ಹತ್ತೂ ಓದಿ ಮುಗಿಸುವಷ್ಟರಲ್ಲಿ ಅವರ ಭುಜ ಕುಲುಕುತ್ತಿತ್ತು. ಕೆಮ್ಮು ಇರಬೇಕು ಎಂದುಕೊಂಡೆ. ನಗು.

ಅವರು ಆಟೋ ಹಿಡಿದು ಕೋರ್ಟಿಗೆ ಹೋದರು. ಸರವಣಕುಮಾರ್ ಕಾರನ್ನು ತಮ್ಮೊಂದಿಗೆ ಕೊಂಡೊಯ್ದರು. ನಾವಿಬ್ಬರೂ ಗಾಂಧಿಪುರಂ ನಿಲ್ದಾಣದಲ್ಲಿ ಬಸ್ಸು ಹತ್ತಿದೆವು. ಡ್ರೈವರ್ ಒಳ್ಳೆ ಮನೆಯವನು ಎಂದು ಅತ್ತೆ ಹೇಳಿದರು.

ಜುಲೈ 15, ಮಂಗಳವಾರ

ವೇಲುಸಾಮಿ ಬರುವುದು ಬೇಡವಾಗಿದೆ. ಬೆಳಗ್ಗೆ 7.20ಕ್ಕೆ ನಾಗರಾಜ ವರಾಂಡದಲ್ಲಿ ನಿಂತು ಅವರಿಗೆ ಫೋನಿನಲ್ಲಿ ಹೇಳಿದರು ಎಂದು ಅತ್ತೆ ವರದಿ ಮಾಡಿದ್ದಾರೆ. ಅತ್ತೆ ಆಗ ಅಡುಗೆಮನೆಯಲ್ಲಿ ಮಿಕ್ಸಿ ಓಡಿಸುತ್ತಿದ್ದರು. ಪ್ರತಿ ಮಾತೂ ಕೇಳಿಸಿತಂತೆ. ನಾಗರಾಜ ಹೇಳಿದ ಕಾರಣ: ಮನೆಯಲ್ಲಿ ಈಗಾಗಲೇ ಒಬ್ಬರು ಇದ್ದಾರೆ, ಚೆನ್ನಾಗಿ ಓಡಿಸುತ್ತಾರೆ.

ನನಗೆ ಇದನ್ನು ಅವರು ನೇರವಾಗಿ ಹೇಳಿಲ್ಲ. ಕಾಫಿ ಲೋಟವನ್ನು ತಾವೇ ತೊಳೆದಿಟ್ಟರು.

ಸಂಜೆ ಕಾರು ಮರಳಿತು. ಕೊಂಡಿ, ಗುಂಡಿ ಸ್ವಚ್ಛ ಮಾಡಿದ್ದಾರೆ. ಎಂಜಿನ್ನಿಗೆ ಗಾಳಿ ಸೋಸುವ ಫಿಲ್ಟರ್ ಬದಲಿಸಿದ್ದಾರೆ. ಹಳೆಯದನ್ನು ಸರವಣಕುಮಾರ್ ಚೀಲದಲ್ಲಿ ಹಾಕಿ ತಂದು ತೋರಿಸಿದರು, ತಲೆದಿಂಬಿನಂತಿತ್ತು. ಏರಿನಲ್ಲಿ ಎಳೆತ ಇಲ್ಲದ್ದಕ್ಕೆ ಇದೇ ಕಾರಣ. ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆಯ ಅಂಶ ಇರುತ್ತದೆ, ಶೆಡ್‌ನ ಹತ್ತಿ ಅದಕ್ಕೆ ಅಂಟಿ ಗಟ್ಟಿಯಾಗುತ್ತದೆ, ಇನ್ನು ಮುಂದೆ ಒದ್ದೆ ಬಟ್ಟೆ ಸಾಕು ಎಂದು ತಿಳಿಹೇಳಿದರು. ಅತ್ತೆ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಕೊಂಡರು. ಮಗ್ಗಕ್ಕೂ ಒದ್ದೆ ಬಟ್ಟೆಯಾ ಎಂದು ಕೊನೆಗೆ ಕೇಳಿದರು.

ದೂರು ಇನ್ನೂ ಮುಗಿದಿಲ್ಲ. ಹೊಸ ಫಿಲ್ಟರ್ ಹಾಕಿದ ಮೇಲೆ ಒಮ್ಮೆ ಬೆಟ್ಟ ಹತ್ತಿಸಿ ಎಳೆತ ನೋಡಿ, ಬರೆದುಕೊಟ್ಟರೆ ಮಾತ್ರ ಫೈಲ್ ಮುಚ್ಚುತ್ತಾರೆ. ಮರುದಮಲೆ ಸಾಕು ಎಂದರು ಸರವಣಕುಮಾರ್. ಅದು ಬೆಟ್ಟವೇ ಅಲ್ಲ ಎಂದು ಅತ್ತೆಯ ವಾದ. ಹೊಸ ಫಾರಂ ಕೈಯಲ್ಲಿ ಹಿಡಿದುಕೊಂಡೇ ಇದ್ದರು.

ಆಡಿಯಲ್ಲಿ ಹೊಸದೇನೂ ಶುರು ಮಾಡಬಾರದು ಎಂದು ನಾಗರಾಜ ನೆನಪಿಸಿದರು.

"ಇದು ಹೊಸದಲ್ಲ. ಹಳೇ ಕಂಪ್ಲೇಂಟು," ಎಂದರು ಅತ್ತೆ.

ಸ್ವಲ್ಪ ಹೊತ್ತಾದ ಮೇಲೆ ನಾಗರಾಜ, ಶನಿವಾರ ಕೋರ್ಟಿಗೆ ರಜೆ ಎಂದು ಯಾರಿಗೆಂದಿಲ್ಲದೆ ಹೇಳಿದರು. ಮುಂದಿನ ಸೀಟು ಖಾಲಿ ಇಲ್ಲ ಎಂದು ಅವರಿಗೆ ತಿಳಿಸಲಾಯಿತು.

ಶನಿವಾರ 19ರಂದು ಬೆಳಗ್ಗೆ 5.30ಕ್ಕೆ ಹೊರಟು, ಪೊಳ್ಳಾಚಿ ಮೂಲಕ ವಾಲ್ಪಾರೈ. ಘಟ್ಟದಲ್ಲಿ ನಲವತ್ತು ತಿರುವು. ಪ್ರತಿ ತಿರುವಿನಲ್ಲೂ ಗೇರ್ ಮತ್ತು ವೇಗ ಬರೆಯಬೇಕು. ಓಡಿಸುವವರು ಶುಭಾ. ಬರೆಯುವವರು ಅಂಬುಜಮ್ಮ. ಹಿಂದಿನ ಸೀಟು ನಾಗರಾಜ.